ಸೋಲಾರ್ ಪ್ಲೇಟು ಹಿಡಿದು ಎಲೆಕ್ಟ್ರಾನಿಕ್ಸ್ ಕಲಿಯೋರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಮೂರು ಚಿಕ್ಕ ಸೋಲಾರ್ ಪ್ಲೇಟು, ರೆಕ್ಕೆ ಮುರಿದ ಒಂದು ಗಾಳಿ ಫ್ಯಾನು, ತುಕ್ಕು ಹಿಡಿದ ಒಂದು ಸೈಕಲ್ ಡೈನಮೋ ಇವೆ. ಓಣಿಯವರು, ನಮ್ಮ ಸಾಲಿ ಹುಡುಗರು, ಹೊಲದಿಂದ ಬರುವ ನೆಂಟರು ಇವನ್ನು ನೋಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಇಂಜಿನಿಯರ್ ಅಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಎಂಟು ಹತ್ತು ವರ್ಷದಿಂದ ಸಾಮಾನು ಸುಟ್ಟು ಸುಟ್ಟು ಕಲಿತಿದ್ದೇನೆ, ಅಷ್ಟೇ.

ಮೊದಲು ಯಾವ ಪ್ಲೇಟು ತಗೊಳ್ಳಲಿ ಸರ್?

ಪ್ಲೇಟು ಆಮೇಲೆ. ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. 200-300 ರೂಪಾಯಿಗೆ ಸಿಗುವ ಹಳದಿ ಮೀಟರ್ ಸಾಕು. ಮೀಟರ್ ಇಲ್ಲದೆ ಇದಕ್ಕೆ ಇಳಿಯೋದು ಅಂದರೆ ತಕ್ಕಡಿ ಇಲ್ಲದೆ ಗಂಜ್‌ನಲ್ಲಿ ವ್ಯಾಪಾರಕ್ಕೆ ಕೂತ ಹಾಗೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಜನ ಪ್ಲೇಟು, ಬ್ಯಾಟರಿ, ಬಲ್ಬು ಮೂರೂ ಒಟ್ಟಿಗೆ ತಂದು ಜೋಡಿಸುತ್ತಾರೆ. ಹತ್ತಿದರೆ ಖುಷಿ, ಹತ್ತದಿದ್ದರೆ ಅಟ್ಟಕ್ಕೆ. ಎರಡರಲ್ಲೂ ಕಲಿತದ್ದು ಏನೂ ಇಲ್ಲ.

ಮೀಟರ್ ಬಂದ ಮೇಲೆ 10 ವಾಟಿನ ಒಂದು ಪ್ಲೇಟು ತನ್ನಿ. ಅದಕ್ಕಿಂತ ಚಿಕ್ಕದಾದರೆ ಅಳತೆ ಆಟಿಕೆ ಥರ ಇರುತ್ತದೆ, ದೊಡ್ಡದಾದರೆ ತಪ್ಪು ಮಾಡಿದಾಗ ಖರ್ಚು ಜಾಸ್ತಿ.

ಆರ್ಟ್ಸ್ ಓದಿದವರಿಗೆ ಇದು ಆಗುತ್ತಾ? ಗಣಿತ ಎಷ್ಟು ಬೇಕು?

ಗುಣಾಕಾರ, ಭಾಗಾಕಾರ ಬಂದರೆ ಮೊದಲ ವರ್ಷ ನಡೆಯುತ್ತದೆ. ಓಮ್ ಎಂಬ ಜರ್ಮನ್ ವಿಜ್ಞಾನಿ 1827ರಲ್ಲಿ ಅಚ್ಚು ಹಾಕಿಸಿದ ಒಂದೇ ಲೆಕ್ಕ ಮುಕ್ಕಾಲು ಕೆಲಸ ಮಾಡಿಕೊಡುತ್ತದೆ: ವೋಲ್ಟನ್ನು (ಒತ್ತಡ) ಓಮಿನಿಂದ (ತಡೆ) ಭಾಗಿಸಿದರೆ ಆಂಪಿಯರ್ (ಹರಿಯುವ ಕರೆಂಟು).

ಒಂದು ಉದಾಹರಣೆ. 12 ವೋಲ್ಟ್ ಬ್ಯಾಟರಿಗೆ ಮೂರು ಬಿಳಿ ಎಲ್‌ಇಡಿ ಸಾಲಾಗಿ ಜೋಡಿಸಬೇಕು. ಒಂದೊಂದು ಎಲ್‌ಇಡಿ ಸುಮಾರು 3.1 ವೋಲ್ಟ್ ತಿನ್ನುತ್ತದೆ, ಮೂರಕ್ಕೆ 9.3. ತುಂಬಿದ ಬ್ಯಾಟರಿ 12.7 ಇರುತ್ತದೆ. ಉಳಿದ 3.4 ವೋಲ್ಟನ್ನು ಯಾರಾದರೂ ಹೊರಬೇಕಲ್ಲ, ಅದಕ್ಕೇ ರೆಸಿಸ್ಟರ್. 220 ಓಮ್ ಹಾಕಿದರೆ 3.4 ಭಾಗಿಸು 220, ಅಂದರೆ ಸುಮಾರು 15 ಮಿಲಿಆಂಪಿಯರ್ ಹರಿಯುತ್ತದೆ. ಎಲ್‌ಇಡಿಗೆ ಹಿತ. 100 ಓಮ್ ಹಾಕಿದರೆ 34 ಆಗುತ್ತದೆ, ಮೊದಲ ದಿನ ಭಾರಿ ಬೆಳಕು, ಕೆಲವೇ ದಿನಕ್ಕೆ ಮಂಕು. ಈ ಲೆಕ್ಕ ಹಾಳೆ ಮೇಲೆ ಮಾಡಿ, ಆಮೇಲೆ ಮೀಟರ್ ಇಟ್ಟು ನೋಡಿ. 14.6ನೋ 15.3ನೋ ತೋರಿಸಿದಾಗ ಆಗುವ ಖುಷಿ ಇದೆಯಲ್ಲ, ಅದು ನನಗಂತೂ ಹತ್ತನೇ ಕ್ಲಾಸಿನ ಗಣಿತದಲ್ಲಿ ಒಂದು ದಿನವೂ ಆಗಿರಲಿಲ್ಲ.

ಮೀಟರ್ ಹೇಗೆ ಹಿಡಿಯೋದು? ಸುಟ್ಟು ಹೋದರೆ?

ವೋಲ್ಟ್ ಅಳೆಯುವಾಗ ಮೀಟರ್ ಪಕ್ಕದಲ್ಲಿ ನಿಂತು ನೋಡುತ್ತದೆ. ಎರಡು ತುದಿಗೆ ಎರಡು ಕಡ್ಡಿ ಮುಟ್ಟಿಸಿದರೆ ಮುಗಿಯಿತು. ಆಂಪಿಯರ್ ಅಳೆಯುವಾಗ ಹಾಗಲ್ಲ, ವಯರ್ ಬಿಚ್ಚಿ ಮೀಟರನ್ನು ದಾರಿಯ ನಡುವೆ ಸೇರಿಸಬೇಕು, ಕರೆಂಟು ಅದರೊಳಗಿಂದಲೇ ಹಾದು ಹೋಗಬೇಕು.

ನಾನು ಮಾಡಿದ ತಪ್ಪು ಹೇಳುತ್ತೇನೆ. ಪ್ಲೇಟಿನ ಆಂಪಿಯರ್ ನೋಡಲು ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಸಿಕ್ಕಿಸಿದ್ದೆ. ಚಹಾ ಕುಡಿದು ಬಂದು, ಅದೇ ಸ್ಥಿತಿಯಲ್ಲಿ ಬ್ಯಾಟರಿಯ ವೋಲ್ಟ್ ನೋಡೋಣ ಅಂತ ಎರಡೂ ಕಡ್ಡಿ ಮುಟ್ಟಿಸಿದೆ. ಆ ತೂತಿನಲ್ಲಿದ್ದಾಗ ಮೀಟರ್ ಒಂದು ದಪ್ಪ ತಂತಿಗೆ ಸಮ. ಚಟ್ ಅಂತ ನೀಲಿ ಕಿಡಿ ಬಂತು, ಕಡ್ಡಿಯ ತುದಿ ಕಪ್ಪಾಗಿ ಬ್ಯಾಟರಿ ಕಂಬಕ್ಕೆ ಅಂಟಿಕೊಂಡಿತು, ಕಿತ್ತೆಳೆಯುವಷ್ಟರಲ್ಲಿ ಕೆಂಪು ವಯರ್ ಬೆಲ್ಲದ ಪಾಕದ ಥರ ಮೆತ್ತಗಾಗಿತ್ತು. ಕಡಿಮೆ ಬೆಲೆಯ ಮೀಟರ್‌ಗಳಲ್ಲಿ ಈ 10 ಆಂಪಿಯರ್ ತೂತಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ: ಆಂಪಿಯರ್ ನೋಡಿದ ತಕ್ಷಣ ಕಡ್ಡಿಯನ್ನು ವೋಲ್ಟ್ ತೂತಿಗೆ ಬದಲಾಯಿಸಿಯೇ ಮೀಟರ್ ಕೆಳಗಿಡೋದು. ಚಹಾ ಆಮೇಲೆ.

12 ವೋಲ್ಟ್ ಶಾಕ್ ಹೊಡೆಯುತ್ತಾ?

ಒಣಗಿದ ಕೈಗೆ ಏನೂ ಅನ್ನಿಸುವುದಿಲ್ಲ. ಆದರೆ ಸುಡುತ್ತದೆ. ಬ್ಯಾಟರಿಯ ಎರಡು ಕಂಬಕ್ಕೆ ಪಾನಾ ಅಡ್ಡ ಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯಬಹುದು. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಟ್ಟು ಕೂರಿ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನೊಳಗೆ, ಫ್ಯೂಸು ಇರಲಿ. ನಾನು 5 ಆಂಪಿಯರಿನದು ಹಾಕುತ್ತೇನೆ. ಬ್ಯಾಟರಿಯಿಂದ ಮಾರು ದೂರದಲ್ಲಿ ಫ್ಯೂಸು ಹಾಕಿದರೆ ನಡುವಿನ ವಯರನ್ನು ಯಾರು ಕಾಯುತ್ತಾರೆ?

ಪ್ಲೇಟಿನ ಮೇಲೆ 12 ವೋಲ್ಟ್ ಅಂತ ಬರೆದಿದೆ, ಮೀಟರ್ 21 ತೋರಿಸುತ್ತಿದೆ. ಅಂಗಡಿಯವನು ಮೋಸ ಮಾಡಿದನಾ?

ಇಲ್ಲ, ಪ್ಲೇಟು ಸರಿ ಇದೆ. "12 ವೋಲ್ಟ್ ಪ್ಲೇಟು" ಅಂದರೆ 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡಲು ತಕ್ಕದ್ದು ಅಂತ ಅರ್ಥ. ಒಳಗೆ 36 ಸೆಲ್ ಸಾಲಾಗಿರುತ್ತವೆ, ಏನೂ ಜೋಡಿಸದೆ ಇದ್ದಾಗ ಒಂದೊಂದೂ ಸುಮಾರು 0.6 ವೋಲ್ಟ್ ಕೊಡುತ್ತದೆ. ಕೂಡಿಸಿ ನೋಡಿ, 21 ದಾಟುತ್ತದೆ. ಕೆಲಸ ಮಾಡುವಾಗ ಅದು 17-18ಕ್ಕೆ ಇಳಿಯುತ್ತದೆ. ಲೆಡ್ ಬ್ಯಾಟರಿಗೆ 14.4ರ ತನಕ ಒತ್ತಿ ತುಂಬಬೇಕು, ವಯರು, ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು) ಸ್ವಲ್ಪ ತಿನ್ನುತ್ತವೆ, ಸೆಕೆಯಲ್ಲಿ ಇನ್ನಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಆ ಮೇಲಿನ ಮೂರು ವೋಲ್ಟ್ ಪುಕ್ಕಟೆ ಏನಲ್ಲ, ಬೇಕೇ ಬೇಕು.

ನಮ್ಮ ಕಡೆ ಬಿಸಿಲು ಅಷ್ಟೊಂದು. ಮೇ ತಿಂಗಳಲ್ಲಿ ಪ್ಲೇಟು ಭರ್ಜರಿ ಕೆಲಸ ಮಾಡಬೇಕಲ್ವಾ?

ರಾಯಚೂರಿನವರು ಇದನ್ನು ಕೇಳದೆ ಬಿಡುವುದಿಲ್ಲ. ಅವರಿಗೆ ಬೇಜಾರಾಗುವ ಉತ್ತರವೇ ಇದು. ಪ್ಲೇಟಿಗೆ ಬೇಕಾದ್ದು ಬೆಳಕು, ಕಾವಲ್ಲ. ಪ್ಲೇಟಿನ ಹಿಂದೆ ಬರೆದ ವಾಟ್ ಲೆಕ್ಕ ಸೆಲ್ಲು 25 ಡಿಗ್ರಿ ಇದ್ದಾಗ, ಚದರ ಮೀಟರಿಗೆ 1000 ವಾಟ್ ಬೆಳಕು ಬಿದ್ದಾಗಿನದು. ನಮ್ಮ ಮಾಳಿಗೆ ಮೇಲೆ ಏಪ್ರಿಲ್ ಮಧ್ಯಾಹ್ನ ಗಾಳಿಯೇ 40 ಡಿಗ್ರಿ ಇರುತ್ತದೆ, ಕಪ್ಪು ಪ್ಲೇಟು ಕಾದು 65ರ ಹತ್ತಿರ ಹೋಗುತ್ತದೆ. ಒಂದೊಂದು ಡಿಗ್ರಿಗೆ ಸುಮಾರು 0.4 ಶೇಕಡಾ ಕಡಿತ. 40 ಡಿಗ್ರಿ ಹೆಚ್ಚಾದರೆ 16 ಶೇಕಡಾ. 10 ವಾಟಿನದು 8.4 ಆಯಿತು.

ಇದನ್ನು ಕಣ್ಣಾರೆ ನೋಡಬಹುದು. ಬಿಸಿಲೇರಿದ ಮೇಲೆ ಏನೂ ಜೋಡಿಸದೆ ಪ್ಲೇಟಿನ ಖಾಲಿ ವೋಲ್ಟ್ ಅಳೆಯಿರಿ. ನನ್ನದು ಮಧ್ಯಾಹ್ನ 2ಕ್ಕೆ 19ರ ಕೆಳಗಿತ್ತು. ಒಂದು ತಂಬಿಗೆ ಉಗುರುಬೆಚ್ಚಗಿನ ನೀರು ಸುರಿದೆ, ಮೀಟರಿನಲ್ಲಿ ಅಂಕಿ ಕಣ್ಣೆದುರೇ 19.4, 19.8, 20.1 ಅಂತ ಮೇಲೇರಿತು. ಸೆಲ್ಲಿಗೆ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್, 36 ಸೆಲ್ಲು, ಲೆಕ್ಕ ನೀವೇ ಹಾಕಿ. ಕಾದ ಗಾಜಿಗೆ ಫ್ರಿಜ್ ನೀರು ಮಾತ್ರ ಬೇಡ, ಸೀಳಬಹುದು. ಪ್ಲೇಟನ್ನು ತಗಡಿಗೆ ಅಂಟಿಸಿ ಕೂರಿಸದೆ ಕೆಳಗೆ ಒಂದು ಗೇಣು ಗಾಳಿಯಾಡಲು ಬಿಟ್ಟರೆ ಸುಮ್ನೆ ಸಿಗುವ ಲಾಭ.

ಧೂಳಿನ ಕಥೆಯೂ ಹೀಗೇ. ಎರೆ ಹೊಲದ ಧೂಳು, ಬಳ್ಳಾರಿ ಕಡೆಯ ಕೆಂಪು ಅದಿರಿನ ಧೂಳು, ಗಿಣಿಗೇರಿ ಕಡೆಯ ಕರಿ ಧೂಳು, ಯಾವುದಾದರೂ ಸರಿ, ಒರೆಸುವ ಮುಂಚೆ ಒಂದು ಸಲ, ಒರೆಸಿದ ಮೇಲೆ ಒಂದು ಸಲ ಆಂಪಿಯರ್ ಅಳೆದು ಬರೆದಿಡಿ. ನನಗೆ ಮೂರು ವಾರದ ಧೂಳಿಗೆ 0.49, ಒರೆಸಿದ ಮೇಲೆ 0.57 ಸಿಕ್ಕಿತ್ತು. ಎಷ್ಟು ದಿನಕ್ಕೊಮ್ಮೆ ಒರೆಸಬೇಕು ಅಂತ ನನ್ನನ್ನು ಕೇಳಬೇಡಿ, ನಿಮ್ಮ ಮೀಟರನ್ನು ಕೇಳಿ.

ಪ್ಲೇಟು ಯಾವ ಕಡೆ ಮುಖ ಮಾಡಬೇಕು?

ದಕ್ಷಿಣಕ್ಕೆ, ಸುಮಾರು 15 ಡಿಗ್ರಿ ಓರೆ. ಕೊಪ್ಪಳ, ಬಳ್ಳಾರಿ ಎರಡೂ 15 ಡಿಗ್ರಿ ಅಕ್ಷಾಂಶದ ಆಸುಪಾಸು, ರಾಯಚೂರು 16. ಒಂದು ಮಜಾ ಏನಂದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಮಗೆ ನಡು ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ. ಆ ಗಡಿ ದಿನಗಳಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಹಾಗಂತ ಪ್ಲೇಟು ತಿರುಗಿಸಲು ಹೋಗಬೇಡಿ, 10 ವಾಟಿಗೆ ಅಷ್ಟು ಒದ್ದಾಟ ಬೇಡ.

ನೆರಳಿನ ಬಗ್ಗೆ ಮಾತ್ರ ಹುಷಾರು. 36 ಸೆಲ್ಲೂ ಒಂದರ ಹಿಂದೆ ಒಂದು ನಿಂತಿವೆ, ಎಲ್ಲದರೊಳಗೂ ಹರಿಯುವುದು ಒಂದೇ ಕರೆಂಟು. ಒಂದು ಸೆಲ್ಲಿನ ಮೇಲೆ ಅಂಗೈ ಇಟ್ಟು ಮೀಟರ್ ನೋಡಿ. ಪ್ಲೇಟಿನ 36ರಲ್ಲಿ ಒಂದು ಪಾಲು ಮುಚ್ಚಿದ್ದೀರಿ, ಆದರೆ ಕರೆಂಟು ಅರ್ಧಕ್ಕಿಂತ ಎಷ್ಟೋ ಕೆಳಗೆ ಬಿದ್ದಿರುತ್ತದೆ. ಬೇವಿನ ಮರದ ಒಂದು ಟೊಂಗೆ, ಬಟ್ಟೆ ಒಣ ಹಾಕುವ ಹಗ್ಗ, ಟಿವಿ ಡಿಶ್ ನೆರಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇದರಿಂದ ಕರೆಂಟ್ ಬಿಲ್ ಉಳಿಯುತ್ತಾ?

ಇಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಬಳಸುವ ಎಷ್ಟೋ ಮನೆಗಳ ಬಿಲ್ಲೇ ಸೊನ್ನೆ ಬರುತ್ತಿದೆ, ಉಳಿಸೋದೇನು? ಬಿಡಿ, ಲೆಕ್ಕವನ್ನೇ ನೋಡಿ. 10 ವಾಟಿನ ಪ್ಲೇಟು ನಮ್ಮ ಬಿಸಿಲಿನಲ್ಲಿ ದಿನಕ್ಕೆ ಎಲ್ಲ ಕಳೆದು 40 ವಾಟ್-ಅವರ್ ಕೊಟ್ಟೀತು. ಒಂದು ಯೂನಿಟ್ ಅಂದರೆ 1000 ವಾಟ್-ಅವರ್. ಅಂದರೆ ಒಂದು ಯೂನಿಟ್ಟಿಗೆ 25 ದಿನ. ಬಿಲ್ ಕಡಿಮೆ ಮಾಡಬೇಕು ಅಂದರೆ ಅದು ಬೇರೆ ದಾರಿ: ಮಾಳಿಗೆ ಮೇಲೆ ಕಿಲೋವಾಟ್ ಲೆಕ್ಕದ ಸೋಲಾರ್, ಜೆಸ್ಕಾಂಗೆ ಅರ್ಜಿ, 2024ರಲ್ಲಿ ಬಂದ ಸೂರ್ಯಘರ್ ಸಬ್ಸಿಡಿ. ಅದರಲ್ಲಿ ನೀವು ಕೈ ಹಾಕಿ ಕಲಿಯೋದು ಏನೂ ಇಲ್ಲ, ಹಾಕಲೂ ಬಾರದು. ಅಲ್ಲಿ ಪ್ಲೇಟುಗಳನ್ನು ಸಾಲಾಗಿ ಜೋಡಿಸಿ ನೂರಾರು ವೋಲ್ಟ್ ಡಿಸಿ ಮಾಡಿರುತ್ತಾರೆ, ಬಿಸಿಲಿರುವ ತನಕ ಅದನ್ನು ಆಫ್ ಮಾಡಲು ಬರುವುದಿಲ್ಲ.

ನಮ್ಮ 10 ವಾಟ್ ಯಾಕೆ ಬೇಕು ಅಂದರೆ, ತಪ್ಪು ಮಾಡಿದರೆ ಜೀವ ಹೋಗುವುದಿಲ್ಲ, ಐವತ್ತು ರೂಪಾಯಿ ಹೋಗುತ್ತದೆ. ಮನೆಯ 230 ವೋಲ್ಟಿನ ಮೇಲೆ ಕಲಿಯಲು ಕೂತರೆ ಆ ಮಾತು ಹೇಳಲು ಆಗುವುದಿಲ್ಲ.

ಹೊಸ ಬ್ಯಾಟರಿ ತುಟ್ಟಿ. ಹಳೇದು ನಡೆಯುತ್ತಾ?

ಕಲಿಯೋಕೆ ಧಾರಾಳ ನಡೆಯುತ್ತದೆ. ನಮ್ಮ ಕಡೆ ಔಷಧ ಹೊಡೆಯುವ ಬ್ಯಾಟರಿ ಪಂಪು ಊರು ತುಂಬ ಇವೆ. ಅದರೊಳಗೆ ಹೆಚ್ಚಾಗಿ 12 ವೋಲ್ಟ್ 8 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ ಇರುತ್ತದೆ. ಪಂಪು ನಡೆಸಲು ಆಗದಷ್ಟು ಬಸವಳಿದ ಬ್ಯಾಟರಿ ಕೂಡ ಒಂದೆರಡು ಎಲ್‌ಇಡಿ ಸಾಲನ್ನು ರಾತ್ರಿಯಿಡೀ ಉರಿಸುತ್ತದೆ. ಹಳೆಯ ಯುಪಿಎಸ್ ಬ್ಯಾಟರಿಯೂ ಅದೇ ಜಾತಿ.

ತರುವ ಮುಂಚೆ ಮೀಟರ್ ಹಿಡಿದು ನೋಡಿ. ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟ ಮೇಲೆ 12.7ರ ಹತ್ತಿರ ಇದ್ದರೆ ತುಂಬಿದೆ ಅಂತ. 12.2 ಅಂದರೆ ಅರ್ಧ. 11.8ಕ್ಕಿಂತ ಕೆಳಗಿದ್ದರೆ ಖಾಲಿ, ಹಾಗೇ ತಿಂಗಳುಗಟ್ಟಲೆ ಬಿದ್ದಿದ್ದರೆ ಬಹುಶಃ ಸತ್ತಿದೆ. 10.5ರಲ್ಲಿ ಕಚ್ಚಿಕೊಂಡು ನಿಂತಿದ್ದರೆ ಒಳಗಿನ ಆರು ಮನೆಯಲ್ಲಿ (ಸೆಲ್ಲಿನಲ್ಲಿ) ಒಂದು ಮನೆ ಹೋಗಿದೆ, ಬಿಟ್ಟು ಬನ್ನಿ. ಈ ಲೆಡ್ ಬ್ಯಾಟರಿಯನ್ನು ಯಾವತ್ತೂ ಅರ್ಧಕ್ಕಿಂತ ಜಾಸ್ತಿ ಬಳಸಬೇಡಿ, ತಗಡಿನ ಕೆಳಗೆ ಇಡಬೇಡಿ. 25 ಡಿಗ್ರಿ ಮೇಲೆ ಪ್ರತಿ 8-10 ಡಿಗ್ರಿಗೆ ಆಯುಷ್ಯ ಅರ್ಧ ಆಗುತ್ತದೆ ಅಂತ ಬ್ಯಾಟರಿಯವರ ಲೆಕ್ಕ. ನೀರಿನ ಗಡಿಗೆ ಇಡುವ ಮೂಲೆ ಇದೆಯಲ್ಲ, ಮನೆಯಲ್ಲಿ ಅದೇ ತಂಪು ಜಾಗ. ನಾನು ಅಲ್ಲೇ ಇಟ್ಟಿದ್ದೇನೆ, ಮನೆಯವರ ಬೈಗುಳ ಸೇರಿಸಿ.

ಲ್ಯಾಪ್‌ಟಾಪಿನಿಂದ ತೆಗೆದ ಲಿಥಿಯಂ ಸೆಲ್ ಬಳಸಬಹುದಾ?

ಮೊದಲ ವರ್ಷ ಬೇಡ. ಅದಕ್ಕೆ 4.2 ವೋಲ್ಟ್ ಅಂದರೆ 4.2, ಅದರ ಮೇಲೆ ತುಂಬಿದರೆ ಬೆಂಕಿ. ಊದಿಕೊಂಡಿದ್ದು, ತೂತು ಬಿದ್ದಿದ್ದು, 2 ವೋಲ್ಟಿಗಿಂತ ಕೆಳಗೆ ಬಿದ್ದಿದ್ದು ಯಾವುದನ್ನೂ ಮತ್ತೆ ಚಾರ್ಜ್ ಮಾಡಬೇಡಿ.

ಚಾರ್ಜ್ ಕಂಟ್ರೋಲರ್ ಬೇಕೇ ಬೇಕಾ? ನೇರ ಜೋಡಿಸಿದರೆ ಏನಾಗುತ್ತೆ?

ಮೊದಲ ದಿನ ಏನೂ ಆಗುವುದಿಲ್ಲ. ಬ್ಯಾಟರಿ ತುಂಬಿದ ಮೇಲೂ ಪ್ಲೇಟು ಒತ್ತುತ್ತಲೇ ಇರುತ್ತದೆ, ವೋಲ್ಟ್ 15 ದಾಟುತ್ತದೆ, ಒಳಗಿನ ನೀರು ಗ್ಯಾಸಾಗಿ ಹೋಗುತ್ತದೆ. ರಾತ್ರಿ ಹೊತ್ತು ಬ್ಯಾಟರಿಯಿಂದ ಪ್ಲೇಟಿಗೇ ಸ್ವಲ್ಪ ಸ್ವಲ್ಪ ಸೋರುತ್ತದೆ, ಅದನ್ನು ತಡೆಯಲು ಒಂದು ಡಯೋಡ್ ಬೇಕು. ಈ ಎರಡೂ ಕೆಲಸ ಕಂಟ್ರೋಲರ್ ಮಾಡುತ್ತದೆ. ಆನ್-ಆಫ್ ಮಾಡುತ್ತಾ ಚಾರ್ಜನ್ನು ಹಿಡಿತದಲ್ಲಿಡುವ, ಪಿಡಬ್ಲ್ಯೂಎಂ ಅನ್ನುವ ಸರಳ ಜಾತಿಯದು ಸಾಕು. ಎಂಪಿಪಿಟಿ (ಪ್ಲೇಟಿನಿಂದ ಆದಷ್ಟು ಹೆಚ್ಚು ವಾಟ್ ಎಳೆಯುವ ಜಾತಿ) ಅಂತ ಸ್ಟಿಕರ್ ಹಚ್ಚಿ ಮಾರುವ ಅಗ್ಗದ ಡಬ್ಬಿಗಳನ್ನು ಬಿಚ್ಚಿ ನೋಡಿದ್ದೇನೆ. ನಿಜವಾದ ಎಂಪಿಪಿಟಿಗೆ ಒಳಗೆ ದಪ್ಪ ತಂತಿ ಸುತ್ತಿದ ಒಂದು ಕಾಯಿಲ್ ಇರಲೇಬೇಕು. ಅದು ಕಾಣದಿದ್ದರೆ ಸ್ಟಿಕರಿಗೆ ದುಡ್ಡು ಕೊಟ್ಟಿದ್ದೀರಿ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಲೇಟು. ಬಿಚ್ಚುವಾಗ ಮೊದಲು ಪ್ಲೇಟು, ಆಮೇಲೆ ಬ್ಯಾಟರಿ.

ಪ್ಲೇಟಿನಿಂದ ನೇರ ಮೊಬೈಲ್ ಚಾರ್ಜ್ ಮಾಡೋಕೆ 7805 ಅನ್ನುವ 5 ವೋಲ್ಟಿನ ಐಸಿ ಹಾಕಿದೆ. ಐಸಿ ಮುಟ್ಟಕ್ಕಾಗಲ್ಲ, ಅಷ್ಟು ಕಾಯುತ್ತೆ. ಯಾಕೆ?

ಯಾಕಂದರೆ ಅದು 18 ವೋಲ್ಟ್ ತಗೊಂಡು 5 ಕೊಟ್ಟು, ಉಳಿದ 13 ವೋಲ್ಟನ್ನು ಕಾವು ಮಾಡಿ ಹೊರಗೆ ಬಿಡುತ್ತದೆ. ಅರ್ಧ ಆಂಪಿಯರ್ ಹರಿದರೆ 6.5 ವಾಟ್ ಕಾವು. ಮೊಬೈಲಿಗೆ ಹೋಗಿದ್ದು 2.5 ವಾಟ್. ಅಂದರೆ ನೀವು ಮಾಡಿದ್ದು ಹೆಚ್ಚಿನ ಮಟ್ಟಿಗೆ ಒಂದು ಒಲೆ.

ಇದರ ಬದಲು ಬಕ್ ಕನ್ವರ್ಟರ್ ಹಾಕಿ. ಎಲ್‌ಎಂ2596 ಅಂತ ಕೇಳಿದರೆ ಕೊಡುತ್ತಾರೆ. ಅದು ಕರೆಂಟನ್ನು ಕಾಯಿಲ್ ಮೂಲಕ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಿ ವೋಲ್ಟ್ ಇಳಿಸಿ ಆಂಪಿಯರ್ ಏರಿಸುತ್ತದೆ. ಒಳಗೆ 18 ವೋಲ್ಟ್ ಅರ್ಧ ಆಂಪಿಯರ್ ಹೋದರೆ, ನೂರಕ್ಕೆ ಎಂಬತ್ತು ಪಾಲು ಉಳಿದರೂ, ಹೊರಗೆ 5 ವೋಲ್ಟಿನಲ್ಲಿ 1.4 ಆಂಪಿಯರ್ ಸಿಗುತ್ತದೆ. ಮೊಬೈಲ್ ಸಿಕ್ಕಿಸುವ ಮುಂಚೆ ಅದರ ಪುಟ್ಟ ಹಿತ್ತಾಳೆ ಸ್ಕ್ರೂ ತಿರುಗಿಸಿ, ಮೀಟರ್ ಇಟ್ಟು, 5 ವೋಲ್ಟ್ ಮಾಡಿಕೊಳ್ಳಿ. ಹೊಸ ಮಾಡ್ಯೂಲ್ 5ಕ್ಕೇ ಸೆಟ್ ಆಗಿರುತ್ತದೆ ಅಂತ ನಂಬಬೇಡಿ. ಹೀಗೆ ನಂಬಿದ ನನ್ನ ತಮ್ಮನ ಫೋನು ಈಗಲೂ ಕಪಾಟಿನಲ್ಲಿದೆ.

ಮೊದಲ ದೊಡ್ಡ ಕೆಲಸ ಯಾವುದು ಮಾಡಲಿ?

ಸಂಜೆ ತಾನಾಗಿ ಹತ್ತಿ ಬೆಳಿಗ್ಗೆ ಆರುವ ಬಾಗಿಲ ದೀಪ. ಎರಡು ಟ್ರಾನ್ಸಿಸ್ಟರಿನಲ್ಲಿ ಮುಗಿಯುತ್ತದೆ, ಆದರೆ ಒಂದು ತಿಂಗಳಿಗಾಗುವಷ್ಟು ಪಾಠ ಅದರಲ್ಲಿದೆ.

ಬೇಕಾದ್ದು: ಒಂದು ಎಲ್‌ಡಿಆರ್, ಒಂದು ಬಿಸಿ547 ಟ್ರಾನ್ಸಿಸ್ಟರ್ (ಮೂರು ಕಾಲು: ಬೇಸ್, ಎಮಿಟರ್, ಕಲೆಕ್ಟರ್), ಒಂದು ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಇದೂ ಟ್ರಾನ್ಸಿಸ್ಟರೇ, ಮೂರು ಕಾಲು: ಗೇಟ್, ಸೋರ್ಸ್, ಡ್ರೇನ್), 1ಕೆ ಮತ್ತು 100ಕೆ ರೆಸಿಸ್ಟರ್ (ಕೆ ಅಂದರೆ ಸಾವಿರ ಓಮ್), 100ಕೆ ಪ್ರೀಸೆಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್). ಎಲ್‌ಡಿಆರ್ ಬೆಳಕಿನಲ್ಲಿ ದಾರಿ ಬಿಡುತ್ತದೆ, ಕತ್ತಲಲ್ಲಿ ಮುಚ್ಚಿಕೊಳ್ಳುತ್ತದೆ. ಬ್ಯಾಟರಿ ಪ್ಲಸ್‌ನಿಂದ 1ಕೆ, ಅದರಿಂದ ಎಲ್‌ಡಿಆರ್, ಅದರ ಇನ್ನೊಂದು ಕಾಲು 547ರ ಬೇಸಿಗೆ. ಬೇಸಿನಿಂದ ಮೈನಸ್‌ಗೆ ಪ್ರೀಸೆಟ್. 547ರ ಎಮಿಟರ್ ಮೈನಸ್‌ಗೆ, ಕಲೆಕ್ಟರ್ ಮಾಸ್‌ಫೆಟ್ಟಿನ ಗೇಟಿಗೆ. ಗೇಟಿನಿಂದ ಪ್ಲಸ್‌ಗೆ 100ಕೆ. ಮಾಸ್‌ಫೆಟ್ಟಿನ ಸೋರ್ಸ್ ಮೈನಸ್‌ಗೆ, ಡ್ರೇನ್ ಎಲ್‌ಇಡಿ ಸಾಲುಗಳ ಮೈನಸ್ ತುದಿಗೆ, ಸಾಲುಗಳ ಪ್ಲಸ್ ತುದಿ 220 ಓಮ್ ಮೂಲಕ ಬ್ಯಾಟರಿ ಪ್ಲಸ್‌ಗೆ. ಹಗಲು ಹೊತ್ತು ಎಲ್‌ಡಿಆರ್ ದಾರಿ ಬಿಟ್ಟು 547 ಆನ್ ಆಗುತ್ತದೆ, ಗೇಟನ್ನು ಕೆಳಗೆ ಎಳೆದು ಹಿಡಿಯುತ್ತದೆ, ದೀಪ ಆಫ್. ಕತ್ತಲಾದರೆ 547 ಕೈ ಬಿಡುತ್ತದೆ, 100ಕೆ ಗೇಟನ್ನು ಮೇಲೆತ್ತುತ್ತದೆ, ದೀಪ ಆನ್. ಎಷ್ಟು ಕತ್ತಲಿಗೆ ಹತ್ತಬೇಕು ಅನ್ನೋದನ್ನು ಪ್ರೀಸೆಟ್ ತಿರುಗಿಸಿ ನಿಮ್ಮ ಬಾಗಿಲಿಗೆ ಹೊಂದಿಸಿಕೊಳ್ಳಿ.

ನಾನು ಮೊದಲ ಸಲ ಮಾಡಿದಾಗ ಸಂಜೆ ಏಳಕ್ಕೆ ದೀಪ ಹತ್ತಿತು, ಎಲ್ಲರನ್ನೂ ಕರೆದೆ. ಬಂದವರ ಎದುರಿಗೆ ಅದು ಪಟಪಟ ಅಂತ ಮಿಣುಕಲು ಶುರು ಮಾಡಿತು. ಪಕ್ಕದ ಮನೆ ಅಜ್ಜಿ, "ಯಪ್ಪಾ, ದೀಪಾವಳಿ ಸರ ಮಾಡಿಯೇನು?" ಅಂದರು. ಆ ರಾತ್ರಿ ಎಲ್ಲ ಟ್ರಾನ್ಸಿಸ್ಟರ್ ಬದಲಾಯಿಸಿದೆ. ತಪ್ಪು ಇದ್ದದ್ದು ಸರ್ಕ್ಯೂಟಿನಲ್ಲಲ್ಲ, ಎಲ್‌ಡಿಆರ್ ದೀಪದ ಕೆಳಗೇ ಕೂತಿತ್ತು. ದೀಪ ಹತ್ತಿದೊಡನೆ ಅದಕ್ಕೆ ಹಗಲಾಯಿತು, ಆರಿದೊಡನೆ ರಾತ್ರಿ. ಎಲ್‌ಡಿಆರಿಗೆ ಒಂದು ಬಾಲ್‌ಪೆನ್ನಿನ ಕೊಳವೆ ತೊಡಿಸಿ ಆಕಾಶದ ಕಡೆ ತಿರುಗಿಸಿದೆ, ನಿಂತಿತು. ಔಟ್‌ಪುಟ್ಟು ತಿರುಗಿ ಇನ್‌ಪುಟ್ಟಿಗೇ ಬಂದು ಸೇರೋದಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು, ಆದರೆ ಆ ಶಬ್ದ ನನಗೆ ಅಜ್ಜಿಯ ಮುಖದ ಜೊತೆಗೇ ನೆನಪಿಗೆ ಬರುತ್ತದೆ.

ಪ್ಲೇಟು ಮಾಳಿಗೆ ಮೇಲೆ, ಬ್ಯಾಟರಿ ಕೆಳಗೆ. ಉದ್ದ ವಯರ್ ಎಳೆದರೆ ನಷ್ಟನಾ?

ನಷ್ಟವೇ. ದಾಳಿಂಬೆ ತೋಟದಲ್ಲಿ ಡ್ರಿಪ್ ಪೈಪು ಉದ್ದ ಆದರೆ ಕೊನೆಯ ಗಿಡದ ಹತ್ತಿರ ಪ್ರೆಷರ್ ಸಾಯುತ್ತದಲ್ಲ, ಹಾಗೇ. 0.75 ಚದರ ಮಿಲಿಮೀಟರ್ ತಾಮ್ರದ ವಯರ್ 10 ಮೀಟರ್ ದೂರಕ್ಕೆ, ಹೋಗಿ ಬರುವ ಲೆಕ್ಕಕ್ಕೆ 20 ಮೀಟರ್, ಸುಮಾರು 0.46 ಓಮ್. ಅರ್ಧ ಆಂಪಿಯರ್ ಆದರೆ 0.23 ವೋಲ್ಟ್ ಹೋಗುತ್ತದೆ, ಚಿಂತೆ ಬೇಡ. ನಾಳೆ ದೊಡ್ಡ ಪ್ಲೇಟು ತಂದು 3 ಆಂಪಿಯರ್ ಹರಿಸಿದರೆ 1.4 ವೋಲ್ಟ್ ಹೋಗುತ್ತದೆ, ಸೆಕೆಯಲ್ಲಿ ಬ್ಯಾಟರಿ ಸರಿಯಾಗಿ ತುಂಬದೇ ಉಳಿಯಬಹುದು. ಅಂದ ಹಾಗೆ, ಡ್ರಿಪ್ಪಿನ ಹೋಲಿಕೆ ಇಲ್ಲಿಗೇ ನಿಲ್ಲಿಸಿ: ಪೈಪಿನಲ್ಲಿ ನೀರು ದಾರಿಯುದ್ದಕ್ಕೂ ಗಿಡಗಳಿಗೆ ಹಂಚಿ ಹೋಗುತ್ತದೆ, ವಯರಿನಲ್ಲಿ ಆಂಪಿಯರ್ ಎರಡೂ ತುದಿಗೆ ಒಂದೇ ಇರುತ್ತದೆ, ಒತ್ತಡ ಮಾತ್ರ ಇಳಿಯುತ್ತದೆ.

ಯಲಬುರ್ಗಾ, ಕುಕನೂರು ಕಡೆ ಅಷ್ಟು ದೊಡ್ಡ ಗಾಳಿ ಫ್ಯಾನು ತಿರುಗುತ್ತವೆ. ಮನೆ ಮೇಲೆ ಚಿಕ್ಕದೊಂದು ಹಾಕಿದರೆ?

ಕಲಿಯೋಕೆ ಹಾಕಿ, ಕರೆಂಟಿಗೆ ನೆಚ್ಚಬೇಡಿ. ಗಾಳಿಯ ವೇಗ ದುಪ್ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟು ಆಗುತ್ತದೆ, ಅರ್ಧ ಆದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆ ದೊಡ್ಡ ಫ್ಯಾನುಗಳು ಎತ್ತರದಲ್ಲಿ ಯಾರ ಅಡ್ಡಿಯೂ ಇಲ್ಲದ ಗಾಳಿ ಹಿಡಿಯುತ್ತವೆ. ನಮ್ಮ ಮಾಳಿಗೆ ಮೇಲೆ ನೀರಿನ ಟ್ಯಾಂಕು, ಪಕ್ಕದ ಮನೆ ಗೋಡೆ ಎಲ್ಲ ಗಾಳಿಯನ್ನು ಕದಡಿ ಬಿಟ್ಟಿರುತ್ತವೆ. 60 ಸೆಂಟಿಮೀಟರ್ ಅಗಲದ ಫ್ಯಾನಿನ ಮೇಲೆ ಸೆಕೆಂಡಿಗೆ 4 ಮೀಟರ್ ಗಾಳಿ ಬೀಸಿದರೆ ಆ ಗಾಳಿಯಲ್ಲಿ ಇರುವುದೇ 11 ವಾಟ್. ಎಂಥ ಫ್ಯಾನಾದರೂ 59.3 ಶೇಕಡಾಕ್ಕಿಂತ ಹೆಚ್ಚು ಹಿಡಿಯಲಾಗದು ಅಂತ ಬೆಟ್ಸ್ ಎಂಬ ಜರ್ಮನ್ ವಿಜ್ಞಾನಿ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಪಿವಿಸಿ ಪೈಪು ಸೀಳಿ ಮಾಡಿದ ನಮ್ಮ ರೆಕ್ಕೆಗೆ 2 ವಾಟ್ ಸಿಕ್ಕರೆ ಹಬ್ಬ.

ಹಳೆಯ ಸೀಲಿಂಗ್ ಫ್ಯಾನು ತಿರುಗಿಸಿದರೆ ಕರೆಂಟು ಬರುತ್ತಾ ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಹಾಗೇ ತಿರುಗಿಸಿದರೆ ಬರುವುದಿಲ್ಲ, ಅದರಲ್ಲಿ ಆಯಸ್ಕಾಂತವೇ ಇಲ್ಲ. ಕೆಟ್ಟ ಪ್ರಿಂಟರಿನಿಂದ, ಒಳಗೆ ಆಯಸ್ಕಾಂತ ಇರುವ ಸ್ಟೆಪ್ಪರ್ ಮೋಟರ್ ತನ್ನಿ. ಅದರ ಒಂದು ಜೋಡಿ ವಯರಿಗೆ ಎಲ್‌ಇಡಿ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದರೆ ಸಾಕು, ಮಿಣುಕುತ್ತದೆ. ಮುನಿರಾಬಾದಿನ ಪವರ್ ಹೌಸಿನಲ್ಲಿ ತುಂಗಭದ್ರೆಯ ನೀರು ತಿರುಗಿಸುವುದು, ಸೈಕಲ್ ಚಕ್ರ ಡೈನಮೋ ತಿರುಗಿಸುವುದು, ನಿಮ್ಮ ಬೆರಳು ಇದನ್ನು ತಿರುಗಿಸುವುದು, ಮೂರಕ್ಕೂ ಫ್ಯಾರಡೇ 1831ರಲ್ಲಿ ಕಂಡುಕೊಂಡ ಒಂದೇ ಸೂತ್ರ. ಬರುವುದು ಎಸಿ (ಹಿಂದೆ ಮುಂದೆ ದಿಕ್ಕು ಬದಲಿಸುವ ಕರೆಂಟು), ಆದ್ದರಿಂದ ಬ್ಯಾಟರಿಗೆ ಹಾಕುವ ಮುಂಚೆ ಅದನ್ನು ಒಂದೇ ದಿಕ್ಕಿಗೆ ತರಲು ನಾಲ್ಕು ಡಯೋಡಿನ ಬ್ರಿಜ್ ಬೇಕು.

ಹಂದಿ ಕಾಟ ಜಾಸ್ತಿ. ಸೋಲಾರ್ ಝಟಕಾ ಮಷೀನ್ ಮನೆಯಲ್ಲೇ ಮಾಡೋದು ಹೇಳಿಕೊಡ್ತೀರಾ?

ಇಲ್ಲ. ಆ ಡಬ್ಬಿ ಬೇಲಿಯ ತಂತಿಗೆ ಸಾವಿರಾರು ವೋಲ್ಟನ್ನು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಬಿಡುತ್ತದೆ, ನಡುವೆ ಬಿಡುವು ಇರುವುದರಿಂದಲೇ ಮುಟ್ಟಿದ ಪ್ರಾಣಿ ಹಿಂದೆ ಸರಿದು ಬದುಕುತ್ತದೆ. ಆ ಲೆಕ್ಕ ಮನೆಯಲ್ಲಿ ತಪ್ಪಿದರೆ ಹೊಲಕ್ಕೆ ಬಂದ ಮನುಷ್ಯ ಸಾಯುತ್ತಾನೆ. ಪ್ರಮಾಣಪತ್ರ ಇರುವ ಮಷೀನನ್ನೇ ಕೊಳ್ಳಿ. ಮೋಟರಿನ ಲೈನಿನಿಂದ ಬೇಲಿಗೆ ನೇರ ವಯರ್ ಎಳೆಯೋದಂತೂ ಕೊಲೆ ಮಾಡಿದ ಹಾಗೆಯೇ, ಅದರ ಮಾತೇ ಬೇಡ.

ಸೋಲ್ಡರಿಂಗ್ ಬರಲ್ಲ. ಮುದ್ದೆ ಮುದ್ದೆ ಆಗುತ್ತೆ.

ನೀವು ಲೆಡ್ಡನ್ನು (ಸೋಲ್ಡರ್ ತಂತಿಯನ್ನು) ಐರನ್ನಿನ ತುದಿಗೆ ಕರಗಿಸಿ ತಂದು ಸುರಿಯುತ್ತಿದ್ದೀರಿ. ಕಾಯಿಸಬೇಕಾದ್ದು ಸೇರುವ ಎರಡು ಲೋಹಗಳನ್ನು. ಎರಡು ಸೆಕೆಂಡ್ ಕಾಯಿಸಿ, ಆಮೇಲೆ ಲೆಡ್ಡನ್ನು ಆ ಲೋಹಕ್ಕೆ ಮುಟ್ಟಿಸಿ, ತಾನೇ ಹರಿದು ಕೂರುತ್ತದೆ. 25 ವಾಟಿನ ಐರನ್ ಸಾಕು. ಆರುವ ತನಕ ಅಲ್ಲಾಡಿಸಬೇಡಿ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ರೊಟ್ಟಿಗೆ ಕೂರಬೇಡಿ, ಅದು ಸೀಸ.

ಸಾಮಾನು ಎಲ್ಲಿ ಸಿಗುತ್ತೆ?

ರೆಸಿಸ್ಟರ್, ಡಯೋಡ್ ಟಿವಿ-ಮೊಬೈಲ್ ರಿಪೇರಿಯವರ ಹತ್ತಿರ ಸಿಗುತ್ತವೆ, ಇಲ್ಲದಿದ್ದರೆ ಹೊಸಪೇಟೆ, ಹುಬ್ಬಳ್ಳಿ, ಇಲ್ಲವೇ ಆನ್‌ಲೈನ್. ನನಗೆ ಇಷ್ಟ ಗುಜರಿ ಅಂಗಡಿ. ಒಂದು ಸುಟ್ಟ ಎಲ್‌ಇಡಿ ಬಲ್ಬಿನಲ್ಲಿ ಡಯೋಡು, ಕೆಪಾಸಿಟರು, ಸುಡದೆ ಉಳಿದ ಎಲ್‌ಇಡಿ ಎಲ್ಲ ಇರುತ್ತವೆ. ಸುಟ್ಟ ಬಲ್ಬು ಬಿಚ್ಚುವ ಮುಂಚೆ ಹೋಲ್ಡರಿನಿಂದ ತೆಗೆದು ಒಂದರ್ಧ ಗಂಟೆ ಬಿಡಿ, ಕೆಪಾಸಿಟರ್ ಖಾಲಿಯಾಗಲಿ.

ಆರ್ಡುಯಿನೋ ಯಾವಾಗ ಶುರು ಮಾಡಲಿ?

ಮೀಟರಿನ ಅಂಕಿಗಳನ್ನು ವಹಿಯಲ್ಲಿ ಬರೆದು ಬರೆದು ಕೈ ನೋವು ಬಂದಾಗ. ಆರ್ಡುಯಿನೋ ಅಂದರೆ ಅಳತೆಯನ್ನು ತಾನೇ ಓದಿ ದಾಖಲಿಸುವಂತೆ ಮಾಡಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡು. ಅದಕ್ಕಿಂತ ಮುಂಚೆ ತಂದರೆ ಅದೂ ಅಟ್ಟಕ್ಕೆ ಹೋಗುತ್ತದೆ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ. ಕ್ಲಾಸಿನ ಅರ್ಧ ಮಕ್ಕಳು ಬಂದಿರಲಿಲ್ಲ, ಮನೆಯಲ್ಲಿ ಹೊರಗೆ ಬಿಟ್ಟಿರಲಿಲ್ಲ. ಬಂದ ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು ಮೈದಾನದಲ್ಲಿ ಪ್ಲೇಟು ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಆಂಪಿಯರ್ ಬರೆಸಿದೆ. ಸೂರ್ಯನನ್ನು ಯಾರೂ ನೋಡಬಾರದು, ಮೀಟರನ್ನು ಮಾತ್ರ ನೋಡಬೇಕು ಅಂತ ಕರಾರು. ಹೊತ್ತೇರಿದ ಹಾಗೆ ಅಂಕಿ ಏರಬೇಕಾಗಿತ್ತು, ಅದು ಇಳಿಯುತ್ತಾ ಹೋಯಿತು. ಒಂಬತ್ತೂವರೆ ಆಸುಪಾಸಿಗೆ ತೀರ ತಳ ಮುಟ್ಟಿ ಮತ್ತೆ ಮೆಲ್ಲಗೆ ಏರಿತು. ಒಂದು ಹುಡುಗಿ ಆ ಅಂಕಿಗಳನ್ನು ಗ್ರಾಫ್ ಹಾಳೆ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದಳು, ಕಾಯಿ ಕೆರೆದ ಚಿಪ್ಪಿನ ಥರ ಬಂತು. ಎರಡು ಚುಕ್ಕಿ ಮಾತ್ರ ಇರಲಿಲ್ಲ, ಆಗ ಎಲ್ಲರೂ ಮಂಡಾಳ ತಿನ್ನುತ್ತಿದ್ದರು.

ಆ ಎರಡು ಚುಕ್ಕಿಗಾಗಿಯೇ ನಾನು ಆರ್ಡುಯಿನೋ ಕಲಿತೆ. ಅದರ ಪಿನ್ನಿಗೆ 5 ವೋಲ್ಟಿಗಿಂತ ಜಾಸ್ತಿ ಕೊಡಬಾರದು, ಹಾಗಾಗಿ ಬ್ಯಾಟರಿಯ ವೋಲ್ಟನ್ನು 30ಕೆ, 10ಕೆ ಎರಡು ರೆಸಿಸ್ಟರಿನಿಂದ ಕಾಲು ಭಾಗಕ್ಕೆ ಇಳಿಸಿಕೊಳ್ಳಬೇಕು. 14.4 ಇದ್ದದ್ದು 3.6 ಆಗುತ್ತದೆ. ಅದು ಆ 5 ವೋಲ್ಟನ್ನು 1024 ಮೆಟ್ಟಿಲಾಗಿ ನೋಡುತ್ತದೆ, ಓದಿದ ಅಂಕಿಯನ್ನು ಮೊದಲ ವಾರ ಮೀಟರಿನ ಜೊತೆ ಹೋಲಿಸುತ್ತಾ ಇರಿ. 2027ರ ಆಗಸ್ಟ್ 2ಕ್ಕೆ ಸಂಜೆ ಹೊತ್ತು ಇಲ್ಲಿ ಮತ್ತೆ ಪಾರ್ಶ್ವ ಸೂರ್ಯಗ್ರಹಣ ಇದೆ. ಮಳೆಗಾಲ, ಮೋಡ ಇದ್ದರೂ ಇರಬಹುದು. ನನ್ನ ಪ್ಲೇಟಿಗೆ ಪಶ್ಚಿಮದ ಕಡೆ ಪಕ್ಕದ ಮನೆಯ ಟ್ಯಾಂಕಿನ ನೆರಳು ನಾಲ್ಕೂವರೆಗೇ ಬೀಳುತ್ತದೆ, ಅಷ್ಟರೊಳಗೆ ಒಂದು ಎತ್ತರದ ಸ್ಟ್ಯಾಂಡ್ ಮಾಡಿಸಬೇಕು.